ಐವತ್ತೊಂದು ಯಾವುದರ ಉತ್ತರ?

ಹೋದ ತಿಂಗಳು ಹತ್ತನೇ ಕ್ಲಾಸಿನ ಗಣಿತದ ಟೆಸ್ಟ್ ಪೇಪರ್ ಒಂದು ನನ್ನ ಕೈಗೆ ಬಂತು. ಎರಡು ಮಾರ್ಕಿನ ಪ್ರಶ್ನೆ. ಒಂದು ಊರಿನಿಂದ ಇನ್ನೊಂದು ಊರು 36 ಕಿ.ಮೀ. ಪೂರ್ವಕ್ಕೆ ಮತ್ತು 15 ಕಿ.ಮೀ. ಉತ್ತರಕ್ಕೆ ಇದೆ, ಎರಡರ ನಡುವಿನ ದೂರ ಎಷ್ಟು? ಹುಡುಗಿ ಸೂತ್ರ ಸರಿಯಾಗಿ ಬರೆದಿದ್ದಳು, ಬೆಲೆಗಳನ್ನೂ ಸರಿಯಾಗಿ ಹಾಕಿದ್ದಳು. ಕೊನೆಯಲ್ಲಿ 51 ಕಿ.ಮೀ. ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಪೆನ್ನಿನ ಇಂಟು ಮಾರ್ಕು. ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಒಟ್ಟು ಒಂದು.

ಹುಡುಗಿ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣನ ಮಗಳು. ಹೆಬ್ಬಾಳದ ಹತ್ತಿರ, ಬಳ್ಳಾರಿ ರಸ್ತೆಗೆ ಪೂರ್ವಕ್ಕೆ ನಮ್ಮ ಮನೆ, ರಸ್ತೆಯ ಆಚೆ ಪಶ್ಚಿಮಕ್ಕೆ ಅವಳ ಶಾಲೆ. ಶನಿವಾರ ಮಧ್ಯಾಹ್ನ ಒಂದು ಗಂಟೆ ಗಣಿತ ಹೇಳಿಕೊಡಿ ಅಂತ ಅವಳ ಅಪ್ಪ ಕೇಳಿದ್ದರು. ನಾನು ಒಪ್ಪಿಕೊಂಡೆ. ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಹತ್ತನೇ ಕ್ಲಾಸ್ ಗಣಿತ ಏನು ಮಹಾ ಅನ್ನೋ ಧೈರ್ಯ.

ತಪ್ಪು ಎಲ್ಲಿ ಅಂತ ಐದು ಸೆಕೆಂಡಿನಲ್ಲಿ ಗೊತ್ತಾಯ್ತು. 36ರ ವರ್ಗ, 15ರ ವರ್ಗ, ಎರಡನ್ನೂ ಕೂಡಿ ಅದರ ವರ್ಗಮೂಲ ತೆಗೀಬೇಕು. ಇವಳು ವರ್ಗಮೂಲದ ಚಿಹ್ನೆಯನ್ನೂ ಎರಡು ವರ್ಗಗಳನ್ನೂ ಒಂದಕ್ಕೊಂದು ಹೊಡೆದುಹಾಕಿ, 36ಕ್ಕೆ 15 ಕೂಡಿಬಿಟ್ಟಿದ್ದಳು. ಇದು ಜಗತ್ತಿನ ಎಲ್ಲಾ ಹತ್ತನೇ ಕ್ಲಾಸಿನ ಮಕ್ಕಳೂ ಒಂದಲ್ಲ ಒಂದು ದಿನ ಮಾಡೋ ತಪ್ಪು. ‘ಹಾಗೆ ಹೊಡೆಯೋ ಹಾಗಿಲ್ಲಮ್ಮಾ’ ಅಂದೆ. 1296ಕ್ಕೆ 225 ಕೂಡಿಸಿದರೆ 1521, ಅದರ ವರ್ಗಮೂಲ 39. ಅವಳು ತಿದ್ದಿಕೊಂಡಳು. ಅಲ್ಲಿಗೆ ಮುಗೀಬೇಕಿತ್ತು.

‘ಅಕ್ಕಾ, ಹಾಗಾದ್ರೆ 51 ಯಾವುದರ ಉತ್ತರ?’ ಅಂತ ಕೇಳಿದಳು.

‘ಯಾವುದರದ್ದೂ ಅಲ್ಲ, ಅದು ತಪ್ಪು’ ಅಂತ ಹೇಳೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಗೇಟಿನ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ಅಲ್ಲಿಂದಲೇ ಹೇಳಿದರು: ‘ಮೇಡಂರೀ, ನನಗ ಐವತ್ತೊಂದೇ ಖರೇ ಅನಸ್ತದ ನೋಡ್ರಿ. ಆಟೋದಾಂವ ಮ್ಯಾಲಿಂದ ಹಾರಿ ಹೋಗ್ತಾನೇನ್ರಿ?’

ಅವರು ಯಾದಗಿರಿ ಕಡೆಯವರು. ಬೆಂಗಳೂರಿಗೆ ಬಂದ ಮೇಲೆ ಹನ್ನೆರಡು ವರ್ಷ ಗಾರೆ ಕೆಲಸ ಮಾಡಿ, ಸೊಂಟ ಹಿಡಿದುಕೊಂಡ ಮೇಲೆ ಸೆಕ್ಯೂರಿಟಿಗೆ ಸೇರಿದವರು. ಅವರು ಹೇಳಿದ್ದನ್ನ ಕೇಳಿ ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಪೂರ್ವಕ್ಕೆ 36 ಹೋಗಿ, ಎಡಕ್ಕೆ ತಿರುಗಿ ಉತ್ತರಕ್ಕೆ 15 ಹೋಗೋ ರಸ್ತೆ ಇದ್ದರೆ ಆ ಪ್ರಯಾಣ ಸರಿಯಾಗಿ 51 ಕಿ.ಮೀ. ಪುಸ್ತಕದಲ್ಲಿ ಆ ಊರುಗಳ ನಡುವಿನ ರಸ್ತೆಯ ಬಗ್ಗೆ ಒಂದು ಮಾತೂ ಇಲ್ಲ. ಇರೋ ಮಾಹಿತಿ ಎರಡೇ, ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು. ಅಷ್ಟನ್ನೇ ನಂಬಿ ಹೊರಟ ಮನುಷ್ಯ ನಡೆಯೋದು 51.

ಈ ಬರಹ ಆ ಪಾಠದ ಬಗ್ಗೆ. ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯೋದನ್ನ ನಾವು ಮಕ್ಕಳಿಗೆ ಹೇಗೆ ಕಲಿಸ್ತೀವಿ, ಅದರಲ್ಲಿ ಏನು ಬಿಟ್ಟುಹೋಗ್ತಿದೆ ಅನ್ನೋದರ ಬಗ್ಗೆ.

ಮೊದಲು ಪುಸ್ತಕಕ್ಕೆ ನ್ಯಾಯ ಸಲ್ಲಿಸೋಣ. ನಮ್ಮ ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಗಣಿತ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ್ದೇ ಕನ್ನಡ ರೂಪ. ‘ನಿರ್ದೇಶಾಂಕ ರೇಖಾಗಣಿತ’ ಅನ್ನೋ ಅಧ್ಯಾಯದಲ್ಲಿ ದೂರ ಸೂತ್ರ ಬರುತ್ತೆ. ಅದನ್ನ ಆಕಾಶದಿಂದ ಇಳಿಸಿಲ್ಲ. ಈ ಎರಡು ಊರುಗಳಿಂದಲೇ ಶುರು ಮಾಡಿ, ಅಕ್ಷಗಳ ಮೇಲಿನ ಬಿಂದುಗಳನ್ನ ತೋರಿಸಿ, ಲಂಬಕೋನ ತ್ರಿಭುಜ ಎಳೆದು, ಪೈಥಾಗೊರಸ್ ಪ್ರಮೇಯದಿಂದ ಸೂತ್ರವನ್ನ ಹೊರತೆಗೀತಾರೆ. ಓದಿದರೆ ಅರ್ಥ ಆಗುತ್ತೆ. ಅಭ್ಯಾಸದಲ್ಲಿ ಒಂದು ಒಳ್ಳೆಯ ಲೆಕ್ಕವೂ ಇದೆ. ತರಗತಿಯಲ್ಲಿ ನಾಲ್ಕು ಜನ ಗೆಳೆಯರು ನಾಲ್ಕು ಜಾಗದಲ್ಲಿ ಕೂತಿದ್ದಾರೆ. ಚಂಪಾ ಮತ್ತು ಚಮೇಲಿ ಒಳಗೆ ಬಂದು ನೋಡ್ತಾರೆ. ಆ ನಾಲ್ಕು ಜಾಗ ಸೇರಿಸಿದರೆ ಚೌಕ ಆಗುತ್ತೆ ಅಂತ ಚಂಪಾ, ಇಲ್ಲ ಅಂತ ಚಮೇಲಿ. ದೂರ ಸೂತ್ರ ಹಾಕಿ ಜಗಳ ಬಿಡಿಸಬೇಕು. ಬಿಡಿಸಿದರೆ ಚಂಪಾ ಗೆಲ್ಲುತ್ತಾಳೆ. ಇಡೀ ಅಭ್ಯಾಸದಲ್ಲಿ ಇಬ್ಬರು ಮನುಷ್ಯರು ಒಂದು ವಿಷಯಕ್ಕೆ ವಾದ ಮಾಡೋದು ಇದೊಂದರಲ್ಲಿ. ಹುಡುಗಿಗೂ ಇದೇ ಲೆಕ್ಕ ಇಷ್ಟ. ‘ಇದ್ರಲ್ಲಿ ಕಥೆ ಇದೆ ಅಕ್ಕಾ’ ಅಂದಳು.

ಮಿಕ್ಕಿದ್ದರಲ್ಲಿ ಹೆಚ್ಚಿನವು ಬರೀ ಜೋಡಿ ಅಂಕಿಗಳು. ಈ ಬಿಂದುವಿನಿಂದ ಆ ಬಿಂದುವಿಗೆ, ಆ ಬಿಂದುವಿನಿಂದ ಇನ್ನೊಂದಕ್ಕೆ. ಅದೂ ಬೇಕು, ಕೈ ಪಳಗಬೇಕಲ್ಲ. ನನ್ನ ತಕರಾರು ಇರೋದು ಮೂರು ವಿಷಯಕ್ಕೆ.

ಮೊದಲನೆಯದು ಅಂದಾಜು. ಸೂತ್ರಕ್ಕೆ ಕೈ ಹಾಕೋ ಮುಂಚೆ ಉತ್ತರ ಎಷ್ಟರಿಂದ ಎಷ್ಟರ ಒಳಗೆ ಇರಬೇಕು ಅಂತ ಮಗು ಹೇಳಬಹುದು. ಅಡ್ಡಗೆರೆ ಉದ್ದದ ಬಾಹುವಿಗಿಂತ ಕಮ್ಮಿ ಇರೋಕೆ ಆಗಲ್ಲ, ಹಾಗಾಗಿ 36ಕ್ಕಿಂತ ಜಾಸ್ತಿ. ಸುತ್ತಿ ಹೋಗೋದಕ್ಕಿಂತ ನೇರ ಹೋಗೋದು ಹತ್ತಿರ, ಹಾಗಾಗಿ 51ಕ್ಕಿಂತ ಕಮ್ಮಿ. ಇಷ್ಟು ಗೊತ್ತಿದ್ದ ಮಗು 51 ಅಂತ ಬರೆಯುವಾಗ ಪೆನ್ನು ಎತ್ತಿ ಒಂದು ಸಲ ಯೋಚನೆ ಮಾಡ್ತಿತ್ತು. ಈ ಎರಡು ಸಾಲಿನ ಬೇಲಿ ಹಾಕಿಕೊಡೋದಕ್ಕೆ ಒಂದು ಪೀರಿಯಡ್ ಕೂಡ ಬೇಕಾಗಲ್ಲ, ಐದು ನಿಮಿಷ ಸಾಕು. ಆದರೆ ನಮ್ಮಲ್ಲಿ ಮಾರ್ಕು ಇರೋದು ಸೂತ್ರಕ್ಕೆ, ಬೆಲೆ ಹಾಕೋದಕ್ಕೆ, ಉತ್ತರಕ್ಕೆ. ‘ಈ ಉತ್ತರ ಸಾಧ್ಯವಾ?’ ಅಂತ ಕೇಳಿಕೊಂಡಿದ್ದಕ್ಕೆ ಅರ್ಧ ಮಾರ್ಕೂ ಇಲ್ಲ. ಮಾರ್ಕು ಇಲ್ಲದ್ದನ್ನ ಮಕ್ಕಳು ಯಾಕೆ ಮಾಡ್ತಾರೆ ಹೇಳಿ?

ಎರಡನೆಯದು ಅಳತೆ. ಪುಸ್ತಕ ಈ ಊರುಗಳ ದೂರವನ್ನ ಅಳೆಯದೆಯೇ ಕಂಡುಹಿಡಿಯೋದು ಹೇಗೆ ಅಂತ ಕೇಳುತ್ತೆ. ಅದೇ ಇದರ ಮಜಾ, ಒಪ್ಪಿದೆ. ಆದರೆ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಬೆವರು ಸುರಿಸಿ ಅಳೆದಿದ್ದರಿಂದಲೇ ಉಳಿದವರು ಅಳೆಯದೆ ಕೂತಿರಬಹುದು ಅನ್ನೋ ಮಾತು ಅಲ್ಲಿಲ್ಲ. ಈ ಮಾತನ್ನ ಹೇಳೋಕೆ ಬೆಂಗಳೂರಿಗಿಂತ ಒಳ್ಳೆಯ ಊರು ಸಿಗೋದು ಕಷ್ಟ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ಒಂದು ನೇರ ಗೆರೆಯನ್ನ ಅಳೆದ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದು ಆಗಿನ್ನೂ ಒಂದೇ ವರ್ಷ. ಉಪಕರಣ 100 ಅಡಿ ಉದ್ದದ ಉಕ್ಕಿನ ಸರಪಳಿ, ಅದರಲ್ಲಿ ಎರಡೂವರೆ ಅಡಿಯ 40 ಕೊಂಡಿ. ಗೆರೆಯ ಉದ್ದ ಸುಮಾರು 7 ಮೈಲಿ. ಅಂದರೆ ಆ ಸರಪಳಿಯನ್ನ ಮುನ್ನೂರೈವತ್ತಕ್ಕೂ ಹೆಚ್ಚು ಸಲ, ಒಂದರ ತುದಿಗೆ ಒಂದು ಸರಿಯಾಗಿ ಕೂರಿಸಿ, ಮಟ್ಟ ನೋಡಿ ಹಾಸಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತೆ ಅಂತ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಬೇಕು. 1802ರಲ್ಲಿ ಅವನು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ಗೆರೆ ಅಳೆದ. ಅಲ್ಲಿಂದ ಶುರುವಾದ ತ್ರಿಭುಜಗಳ ಸರಣಿಯೇ ಮುಂದೆ ಹಿಮಾಲಯದ ತನಕ ಹೋಯಿತು. ಒಂದು ಗೆರೆಯನ್ನ ಮಾತ್ರ ಅಳೆಯೋದು, ಉಳಿದದ್ದೆಲ್ಲ ಕೋನ ನೋಡಿ ಲೆಕ್ಕ ಹಾಕೋದು.

ನನಗೆ ಬಹಳ ಇಷ್ಟವಾದ ಭಾಗ ಇದರ ನಂತರದ್ದು. ಮದ್ರಾಸಿನಿಂದ ತ್ರಿಭುಜಗಳನ್ನ ಕಟ್ಟಿಕೊಂಡು ಬೆಂಗಳೂರಿನ ತನಕ ಬಂದ ಮೇಲೆ, 1804ರಲ್ಲಿ ಇಲ್ಲಿ ಮತ್ತೊಂದು ಗೆರೆ ಅಳೆದರು. ಲೆಕ್ಕದ ಪ್ರಕಾರ ಇಷ್ಟು ಉದ್ದ ಬರಬೇಕು, ಸರಪಳಿ ಹಾಸಿದರೆ ಎಷ್ಟು ಬರುತ್ತೆ ನೋಡೋಣ ಅಂತ. ಮೈಲಿಗಟ್ಟಲೆ ಉದ್ದದ ಗೆರೆಯಲ್ಲಿ ವ್ಯತ್ಯಾಸ ಬಂದಿದ್ದು ಕೆಲವೇ ಅಂಗುಲ. 1867–68ರಲ್ಲಿ ಇನ್ನೂ ಸೂಕ್ಷ್ಮ ಉಪಕರಣ ತಂದು ಬೆಂಗಳೂರಿನಲ್ಲಿ ಮತ್ತೆ ಆಧಾರರೇಖೆ ಅಳೆದರು. ಅದಕ್ಕೂ ಮುಂಚೆ ಇದೇ ಥರದ್ದೊಂದು ಗೆರೆ ಬೀದರಿನಲ್ಲೂ ಆಗಿತ್ತು. ಆ ಸರ್ವೆಯ ಕಾಲದ ವೀಕ್ಷಣಾ ಕಟ್ಟಡವೊಂದು ಇದ್ದ ಜಾಗ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರು. ಏರ್‌ಪೋರ್ಟಿಗೆ ಟ್ರಾಫಿಕ್ ತಪ್ಪಿಸೋಕೆ ನಾವು ಕ್ಯಾಬಿನವರಿಗೆ ‘ಹೆಣ್ಣೂರು ಕಡೆಯಿಂದ ಹೋಗಿ’ ಅಂತೀವಲ್ಲ, ಅದೇ ರಸ್ತೆ.

ಸಾಮ್ರಾಜ್ಯ ಕಟ್ಟೋಕೆ ಬಂದವರಿಗೆ ಭೂಮಿಯ ಅಳತೆ ಬೇಕಿತ್ತು, ಅದು ಬೇರೆ ಕಥೆ. ಆದರೆ ಲೆಕ್ಕ ಹಾಕಿದ ದೂರವನ್ನ ನೆಲದ ಮೇಲೆ ಹೋಗಿ ಪರೀಕ್ಷೆ ಮಾಡಬೇಕು ಅನ್ನೋ ಶಿಸ್ತು ಇದೇ ಬೆಂಗಳೂರಿನ ಮಣ್ಣಿನಲ್ಲಿ ಇನ್ನೂರು ವರ್ಷದ ಹಿಂದೆ ನಡೆದುಹೋಗಿದೆ. ನಮ್ಮ ಪಾಠದಲ್ಲಿ ಅದರ ಸುಳಿವೂ ಇಲ್ಲ. 39 ಬಂತು, ಕೆಳಗೆ ಗೆರೆ ಎಳಿ, ಮುಂದಿನ ಲೆಕ್ಕ.

ಮೂರನೆಯ ತಕರಾರು ದೊಡ್ಡದು. ದೂರ ಅಂದರೆ ಒಂದೇ ಅನ್ನೋ ಹಾಗೆ ಪಾಠ ಮಾತಾಡುತ್ತೆ.

ಮುಂದಿನ ಶನಿವಾರ ನಾವು ಆ ಊರುಗಳನ್ನ ಬಿಟ್ಟು ಅವಳ ಶಾಲೆ ಮತ್ತು ನಮ್ಮ ಅಪಾರ್ಟ್‌ಮೆಂಟ್ ತಗೊಂಡ್ವಿ. ಫೋನಿನ ಮ್ಯಾಪಿನಲ್ಲಿ ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಸಿಗುತ್ತೆ. ಹುಡುಗಿ ಅದನ್ನೇ ಸೂತ್ರಕ್ಕೆ ಹಾಕಿದಳು. ಒಂದು ವ್ಯತ್ಯಾಸ 0.0037, ಇನ್ನೊಂದು 0.0027, ಉತ್ತರ 0.0046. ‘ಏನಕ್ಕಾ ಇದು, ಸೊನ್ನೆ ಬಂತು?’ ಅಂತ ನಕ್ಕಳು. ಅದು ಡಿಗ್ರಿ, ಕಿಲೋಮೀಟರ್ ಅಲ್ಲ ಅಂತ ಹೇಳಬೇಕಾಯ್ತು. ಬೆಂಗಳೂರಿನಲ್ಲಿ ಒಂದು ಡಿಗ್ರಿ ಉತ್ತರಕ್ಕೆ ಹೋದರೆ ಸುಮಾರು 111 ಕಿ.ಮೀ., ಒಂದು ಡಿಗ್ರಿ ಪೂರ್ವಕ್ಕೆ ಹೋದರೆ ಸುಮಾರು 108. ಎರಡೂ ಯಾಕೆ ಬೇರೆ ಅನ್ನೋದಕ್ಕೆ ಒಂದು ಕಿತ್ತಳೆ ಹಣ್ಣು ತಂದು ತೋರಿಸಿದೆ. ತೊಳೆಗಳು ನಡುವಿನಲ್ಲಿ ಅಗಲ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ಹಾಗೆ ಗುಣಿಸಿ, ಸ್ವಲ್ಪ ಅತ್ತಿತ್ತ ರೌಂಡ್ ಮಾಡಿದರೆ ಶಾಲೆಯಿಂದ ನಮ್ಮ ಗೇಟು 400 ಮೀಟರ್ ಪೂರ್ವ, 300 ಮೀಟರ್ ಉತ್ತರ. ಸೂತ್ರ ಹಾಕಿದರೆ 500 ಮೀಟರ್.

‘500ಆ? ಚಾನ್ಸೇ ಇಲ್ಲ’ ಅಂದಳು.

ಸೋಮವಾರ ಶಾಲೆಗೆ ಹೋಗುವಾಗ ಅಪ್ಪನ ಫೋನ್ ಇಟ್ಟುಕೊಂಡು ನಡೆದಳು. 1.4 ಕಿ.ಮೀ. ಬಂತು. ಬಳ್ಳಾರಿ ರಸ್ತೆ ದಾಟೋಕೆ ಆಗಲ್ಲ. ಮಧ್ಯೆ ಬೇಲಿ, ಎರಡೂ ಕಡೆ ಸರ್ವೀಸ್ ರೋಡ್, ಏರ್‌ಪೋರ್ಟ್ ಕಡೆಗೆ ಬಾಣದ ಹಾಗೆ ಹೋಗೋ ಗಾಡಿಗಳು. ಸ್ಕೈವಾಕ್ ತನಕ ಹೋಗಿ, ಹತ್ತಿ, ಇಳಿದು, ವಾಪಸ್ ಬರಬೇಕು. ಅವಳ ಶಾಲೆಯ ಕಾಂಪೌಂಡಿನ ಮರ ನಮ್ಮ ಟೆರೇಸಿನಿಂದ ಕಾಣುತ್ತೆ. ಆದರೂ ದಿನಾ ಹೋಗಿ ಬರೋಕೆ 2.8 ಕಿ.ಮೀ.

ಆ ಶನಿವಾರ ನಾವು ಮೂರು ಅಂಕಿಗಳನ್ನ ಪಕ್ಕಪಕ್ಕ ಬರೆದ್ವಿ. ಸೂತ್ರದ ದೂರ 500. ಪೂರ್ವಕ್ಕೊಂದು, ಉತ್ತರಕ್ಕೊಂದು ರಸ್ತೆ ಇದ್ದಿದ್ದರೆ 700. ನಿಜವಾಗಿ ನಡೆದಿದ್ದು 1400.

ನಡುವಿನ ಆ 700 ಇದೆಯಲ್ಲ, ಅದು ಹುಡುಗಿಯ 51ರ ಅಣ್ಣ. ಗಣಿತದಲ್ಲಿ ಅದಕ್ಕೆ ಮರ್ಯಾದೆಯ ಹೆಸರಿದೆ: ಟ್ಯಾಕ್ಸಿಕ್ಯಾಬ್ ದೂರ ಅಂತಾರೆ, ಮ್ಯಾನ್‌ಹಟನ್ ದೂರ ಅಂತಲೂ ಅಂತಾರೆ. ಅದರ ಹಿಂದೆ ಹರ್ಮನ್ ಮಿಂಕೋವ್ಸ್ಕಿಯಂಥ ದೊಡ್ಡ ಗಣಿತಜ್ಞನ ಕೆಲಸ ಇದೆ. ಚೌಕಾಬಾರದ ಮನೆಗಳ ಹಾಗೆ ರಸ್ತೆಗಳು ಇರೋ ಊರಿನಲ್ಲಿ ನಿಜವಾದ ದೂರ ಅದೇ. ಅದಕ್ಕೊಂದು ಚೆಂದದ ಗುಣವೂ ಇದೆ. ಎಷ್ಟೇ ಸುತ್ತಿದರೂ ಅದು ನೇರ ದೂರದ √2 ಪಟ್ಟನ್ನ, ಅಂದರೆ ಸುಮಾರು 1.41 ಪಟ್ಟನ್ನ ಮೀರೋದಿಲ್ಲ. ಪೂರ್ವಕ್ಕೆ ಎಷ್ಟೋ ಉತ್ತರಕ್ಕೂ ಅಷ್ಟೇ ಇದ್ದಾಗ ಸರಿಯಾಗಿ 1.41, ಮಿಕ್ಕ ಕಡೆ ಅದಕ್ಕಿಂತ ಕಮ್ಮಿ. ನಮ್ಮ 700ನ್ನ 500ರಿಂದ ಭಾಗಿಸಿ, 1.4. ಈಗ 1400ನ್ನ 500ರಿಂದ ಭಾಗಿಸಿ. 2.8.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನ ಹೇಳೋಕೇ ಈ ಬರಹ ಶುರು ಮಾಡಿದ್ದು ಅನ್ನಿ.

ಹಿಂದೊಂದು ಕಂಪನಿಯಲ್ಲಿ ಮನೆಗೆ ಸಾಮಾನು ತಲುಪಿಸೋ ಆ್ಯಪ್ ಒಂದಕ್ಕೆ ನಾನು ಕೋಡ್ ಬರೀತಿದ್ದೆ. ರೈಡರ್ ಎಷ್ಟು ದೂರ ಹೋಗಬೇಕು ಅಂತ ಆರ್ಡರ್ ತೋರಿಸೋ ಮುಂಚೆ ಅಂದಾಜು ಮಾಡಬೇಕು, ದುಡ್ಡೂ ಅದರ ಮೇಲೆ. ಪ್ರತಿ ಸಲ ಮ್ಯಾಪಿನ ಸೇವೆಗೆ ಕೇಳಿದರೆ ಖರ್ಚು ಜಾಸ್ತಿ. ಹಾಗಾಗಿ ಎರಡು ಬಿಂದುಗಳ ನಡುವಿನ ನೇರ ದೂರ ತೆಗೆದು 1.4ರಿಂದ ಗುಣಿಸ್ತಿದ್ವಿ. ನೇರ ದೂರಕ್ಕೆ ಹ್ಯಾವರ್‌ಸೈನ್ ಸೂತ್ರ. ಭೂಮಿ ದುಂಡಗಿರೋದನ್ನ ಲೆಕ್ಕಕ್ಕೆ ತಗೊಳ್ಳೋ ದೂರ ಸೂತ್ರ ಅದು, ನಾಲ್ಕೈದು ಕಿಲೋಮೀಟರಿನೊಳಗೆ ಹತ್ತನೇ ಕ್ಲಾಸಿನ ಸೂತ್ರಕ್ಕೂ ಅದಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಬರಲ್ಲ. 1.4 ಯಾಕೆ ಅಂತ ನಾನು ಕೇಳಿರಲಿಲ್ಲ. ನಾನು ಸೇರುವ ಮುಂಚೆಯೇ ಯಾರೋ ಬರೆದಿಟ್ಟಿದ್ದರು. ‘ನಡೀತಿದೆ, ಮುಟ್ಟಬೇಡ’ ಅಂದರು, ಮುಟ್ಟಲಿಲ್ಲ.

ರೈಡರ್‌ಗಳ ದೂರುಗಳು ಬರ್ತಿದ್ದವು. ದೂರ 2 ಕಿ.ಮೀ. ತೋರಿಸಿದೆ, ನಾನು ಓಡಿಸಿದ್ದು 4. ಬಹಳಷ್ಟು ಹೆಬ್ಬಾಳದ ಸುತ್ತಲಿನವು, ಯಶವಂತಪುರದ ರೈಲ್ವೆ ಹಳಿಯ ಎರಡು ಮಗ್ಗುಲಿನವು. ಹೆಬ್ಬಾಳ ಫ್ಲೈಓವರಿನಲ್ಲಿ ಒಂದು ತಿರುವು ತಪ್ಪಿದರೆ ಏನಾಗುತ್ತೆ ಅಂತ ಓದುಗರಿಗೆ ಹೇಳೋದು ಬೇಡ. ಕೆರೆಯ ಒಂದು ದಡ, ಇನ್ನೊಂದು ದಡ. ಹಳಿಯ ಈಚೆ, ಹಳಿಯ ಆಚೆ. ನಾನು ಆ ಟಿಕೆಟ್‌ಗಳನ್ನ ತೆಗೆದು ನೋಡ್ತಿದ್ದೆ, ಕೋಡ್ ಪರೀಕ್ಷೆ ಮಾಡ್ತಿದ್ದೆ, ಸೂತ್ರ ಸರಿಯಾಗೇ ಇರ್ತಿತ್ತು. ‘ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆ’ ಅಂತ ಬರೆದು ಮುಚ್ಚಿಬಿಡ್ತಿದ್ದೆ. ಸೂತ್ರ ಸರಿ, ಬೆಲೆ ಸರಿ. ಹತ್ತನೇ ಕ್ಲಾಸಿನಲ್ಲಿ ಆ ಎರಡಕ್ಕೂ ನನಗೆ ಯಾವಾಗಲೂ ಪೂರ್ತಿ ಮಾರ್ಕು ಬರ್ತಿತ್ತು.

1.4 ಅಂದರೆ √2, ಅಂದರೆ ‘ಈ ಊರಿನ ರಸ್ತೆಗಳೆಲ್ಲ ಚೌಕಾಬಾರದ ಮನೆ, ಎಲ್ಲೂ ಅಡ್ಡಿ ಇಲ್ಲ’ ಅನ್ನೋ ನಂಬಿಕೆಯ ಗರಿಷ್ಠ ಬೆಲೆ ಅಂತ ನನಗೆ ಹೊಳೆದಿದ್ದು ಆ ಶನಿವಾರ, ಸೆಕ್ಯೂರಿಟಿ ಕ್ಯಾಬಿನ್ ಪಕ್ಕದ ಪ್ಲಾಸ್ಟಿಕ್ ಟೇಬಲ್ ಮೇಲೆ. ಆ ಕೋಡ್ ಮೊದಲು ಬರೆದವರ ಮನಸ್ಸಲ್ಲಿ ಇದೇ ಇತ್ತಾ, ಅಥವಾ ಕೈಗೆ ಬಂದ ಅಂಕಿ ಹಾಕಿದ್ದರಾ, ಈಗ ಕೇಳೋಕೆ ಅವರೂ ಅಲ್ಲಿಲ್ಲ, ನಾನೂ ಇಲ್ಲ. ಆದರೆ ಯಾರೋ ಒಬ್ಬ ಹುಡುಗ ಆ ವ್ಯತ್ಯಾಸದ ಪೆಟ್ರೋಲನ್ನ ತನ್ನ ಜೇಬಿನಿಂದ ಹಾಕಿಕೊಂಡಿದ್ದು ನಿಜ. 1.4ರ ಒಳಗೆ ಇರೋದು ಜ್ಯಾಮಿತಿಯ ಸುತ್ತು. ಅದನ್ನ ಮೀರಿದ್ದು ಊರನ್ನ ಹಾಗೆ ಕಟ್ಟಿದವರ ಸುತ್ತು. ಆ ಎರಡನೇ ಸುತ್ತನ್ನ ನಡೆಯೋರು, ಓಡಿಸೋರು ಯಾರು ಅಂತ ಸೂತ್ರ ಕೇಳಲ್ಲ. ನಾನೂ ಕೇಳಿರಲಿಲ್ಲ.

ದೂರ ಯಾವುದು ಅನ್ನೋದು ಬರೀ ಲೆಕ್ಕದ ಪ್ರಶ್ನೆ ಅಲ್ಲ ಅಂತ ಕಾನೂನಿಗೂ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ. 2010ರ ಕೇಂದ್ರ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿ ಮಕ್ಕಳಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಅಲ್ಲಿ ಬಳಸಿರೋ ಅಳತೆ ನಡಿಗೆಯ ದೂರ. ಈಗ ನಮ್ಮ ಗೇಟಿನ ಲೆಕ್ಕವನ್ನೇ ನೋಡಿ. ಮ್ಯಾಪಿನ ಮೇಲೆ ಕೈವಾರ ಇಟ್ಟು 1 ಕಿ.ಮೀ. ವೃತ್ತ ಎಳೆದರೆ ಆ ಶಾಲೆ ಆರಾಮಾಗಿ ಒಳಗೆ. ಕಾಲಿನಿಂದ ಅಳೆದರೆ ಹೊರಗೆ. ನಮ್ಮ ಹುಡುಗಿ ಹತ್ತನೇ ಕ್ಲಾಸಿಗೆ ಬಂದಾಗಿದೆ, ನಡೀತಾಳೆ. ಅದೇ ಬೀದಿಯ ಆರು ವರ್ಷದ ಮಗುವಿಗೆ ಕೈವಾರದ ಉತ್ತರ ಬೇಕಾ, ಕಾಲಿನ ಉತ್ತರ ಬೇಕಾ? ನಾಳೆ ಯಾವುದೋ ಆಫೀಸಿನಲ್ಲಿ ಕೂತು ಕೈವಾರ ಹಿಡಿಯೋರು ಇದೇ ಪಾಠ ಕಲಿತು ಬಂದವರೇ ತಾನೆ?

ನಮ್ಮ ಹಳೆಯ ಗಣಿತಕ್ಕೆ ಈ ವ್ಯತ್ಯಾಸ ಗೊತ್ತಿತ್ತು. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ, ಅಂದರೆ 12ನೇ ಶತಮಾನದಲ್ಲಿ, ಎರಡು ಕೋತಿಗಳ ಲೆಕ್ಕ ಇದೆ. 100 ಮೊಳ ಎತ್ತರದ ಮರ, 200 ಮೊಳ ದೂರದಲ್ಲಿ ಕೊಳ. ಒಂದು ಕೋತಿ ಮರದಿಂದ ಇಳಿದು ನೆಲದ ಮೇಲೆ ನಡೆದು ಕೊಳಕ್ಕೆ ಹೋಗುತ್ತೆ. ಇನ್ನೊಂದು ಸ್ವಲ್ಪ ಮೇಲಕ್ಕೆ ಹಾರಿ, ಅಲ್ಲಿಂದ ಓರೆಯಾಗಿ ನೇರ ಕೊಳಕ್ಕೆ ಇಳಿಯುತ್ತೆ. ಎರಡೂ ಕ್ರಮಿಸಿದ ದೂರ ಸಮ. ಎರಡನೆಯದು ಎಷ್ಟು ಮೇಲಕ್ಕೆ ಹಾರಿತು? ಉತ್ತರ 50. ಮೊದಲ ಕೋತಿಯದು 100ಕ್ಕೆ 200 ಕೂಡಿ 300. ಎರಡನೆಯದು 50 ಮೇಲೆ, ಆಮೇಲೆ 150 ಮತ್ತು 200ರ ಅಡ್ಡಗೆರೆ 250, ಅದೂ 300. ಪೈಥಾಗೊರಸ್ ಇಲ್ಲೂ ಇದ್ದಾನೆ. ಆದರೆ ಲೆಕ್ಕದ ಒಳಗೇ ಎರಡು ದಾರಿ ಇದೆ, ನಡೆಯೋರ ದಾರಿ ಮತ್ತು ಹಾರೋರ ದಾರಿ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಪುಸ್ತಕದ ಹೆಸರಿನಲ್ಲೇ ವ್ಯವಹಾರ. ಗಣಿತ ಪೇಟೆಯಲ್ಲಿ, ಹೊಲದಲ್ಲಿ ಓಡಾಡಬೇಕು ಅನ್ನೋದು ನಮಗೆ ಹೊಸ ಐಡಿಯಾ ಏನಲ್ಲ.

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡೋ ಗೆಳತಿಯೊಬ್ಬಳಿಗೆ ಇದನ್ನೆಲ್ಲ ಉತ್ಸಾಹದಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ನಿಂಗೆ ಒಂದು ಹುಡುಗಿ, ವಾರಕ್ಕೊಂದು ಗಂಟೆ, ಕಿತ್ತಳೆ ಹಣ್ಣು ಬೇರೆ. ನಂಗೆ ಐವತ್ತು ಮಕ್ಕಳು, ನಲವತ್ತು ನಿಮಿಷ, ಜನವರಿ ಒಳಗೆ ಪೋರ್ಷನ್ ಮುಗಿಸಬೇಕು. ಪಾಸಾಗೋದೇ ಕಷ್ಟ ಇರೋ ಮಗುವಿಗೆ ದೂರ ಸೂತ್ರ ಗ್ಯಾರಂಟಿ ಮಾರ್ಕು. ಅದನ್ನೂ ಗೊಂದಲ ಮಾಡಬೇಕಾ? ಎರಡು ಥರ ದೂರ ಅಂತ ಹೇಳಿದ್ರೆ ಪರೀಕ್ಷೇಲಿ 51 ಬರೆದು ಬರ್ತಾರೆ’ ಅಂದಳು.

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವಳು ಹೇಳಿದ್ದು ನಿಜ. ಎಸ್‌ಎಸ್‌ಎಲ್‌ಸಿ ಗಣಿತದ ಲಿಖಿತ ಪರೀಕ್ಷೆ 80 ಅಂಕದ್ದು, ಅದರಲ್ಲಿ ಎರಡೋ ಮೂರೋ ಅಂಕ ಒಂದು ಮನೆಯ ಭವಿಷ್ಯ ಬದಲಾಯಿಸಬಹುದು. ಟೆಸ್ಟ್ ಪೇಪರಿನಲ್ಲಿ ಇಂಟು ಹಾಕಿದ ಟೀಚರ್ ತಪ್ಪು ಮಾಡಿಲ್ಲ. ಕೇಳಿದ್ದು ನೇರ ದೂರ, 51 ಅದರ ಉತ್ತರ ಅಲ್ಲ. ಹುಡುಗಿ ರಸ್ತೆ ಯೋಚನೆ ಮಾಡಿ 51 ಬರೆದವಳೂ ಅಲ್ಲ, ವರ್ಗಮೂಲ ತಪ್ಪಿ ಬರೆದವಳು. ತಪ್ಪನ್ನ ಜಾಣತನ ಅಂತ ಮೆರೆಸೋದು ನಾವು ಇಂಗ್ಲಿಷ್ ಓದಿದವರು ಬಡವರ ಮಕ್ಕಳಿಗೆ ಮಾಡೋ ಇನ್ನೊಂದು ಥರದ ಮೋಸ.

ಆದರೆ ಗೊಂದಲದ ಮಾತು ಒಪ್ಪಲಾರೆ. 51 ಯಾವುದರ ಉತ್ತರ ಅಂತ ಗೊತ್ತಾದ ಮೇಲೆ ನಮ್ಮ ಹುಡುಗಿ ಆ ತಪ್ಪು ಮತ್ತೆ ಮಾಡಲಿಲ್ಲ. ವರ್ಗ ಮತ್ತು ವರ್ಗಮೂಲ ಹೊಡೆದುಹಾಕಿದರೆ ‘ಅಯ್ಯೋ, ರಸ್ತೆ ಉತ್ತರ ಬಂತು’ ಅಂತ ಅವಳೇ ಹಿಡೀತಾಳೆ. ನಿಯಮ ನೆನಪಿಟ್ಟುಕೊಂಡಿದ್ದಕ್ಕಿಂತ ಈ ಹೆಸರು ಅವಳಿಗೆ ಹೆಚ್ಚು ಕೆಲಸಕ್ಕೆ ಬಂತು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಅಧ್ಯಾಯ ಬದಲಾಯಿಸೋದು ಬೇಡ, ಎರಡೇ ಲೆಕ್ಕ ಸೇರಿಸಿ ಸಾಕು. ಒಂದು, ಮಗು ತನ್ನ ಮನೆಯಿಂದ ಶಾಲೆಗೆ ಗ್ರಾಫ್ ಹಾಳೆಯ ಮೇಲೆ ನೇರ ದೂರ ಲೆಕ್ಕ ಹಾಕಲಿ, ಆಮೇಲೆ ನಡೆದು ಅಳೆಯಲಿ, ಎರಡನ್ನೂ ಭಾಗಿಸಿ ಬಂದ ಸಂಖ್ಯೆಯ ಬಗ್ಗೆ ಎರಡು ಸಾಲು ಬರೆಯಲಿ. ಇನ್ನೊಂದು ಚಂಪಾ–ಚಮೇಲಿ ಲೆಕ್ಕದ ತಂಗಿ. ಕೆಂಪೇಗೌಡರ ನಾಲ್ಕು ಗೋಪುರಗಳು ಮೇಖ್ರಿ ಸರ್ಕಲ್, ಹಲಸೂರು ಕೆರೆ, ಲಾಲ್‌ಬಾಗ್ ಮತ್ತು ಕೆಂಪಾಂಬುಧಿ ಕೆರೆಯ ಹತ್ತಿರ ಇವೆ. ಸೇರಿಸಿದರೆ ಚೌಕ ಆಗುತ್ತಾ? ಆಗಲ್ಲ. ಲಾಲ್‌ಬಾಗ್ ಮತ್ತು ಕೆಂಪಾಂಬುಧಿ ಹತ್ತಿರ ಹತ್ತಿರ, ನಮ್ಮ ಮೇಖ್ರಿ ಸರ್ಕಲ್ಲಿನದು ಒಂಟಿಯಾಗಿ ಉತ್ತರಕ್ಕೆ. ಎಷ್ಟು ಆಗಲ್ಲ ಅಂತ ಮಕ್ಕಳು ಲೆಕ್ಕ ಹಾಕಲಿ. ಊರು ಇಲ್ಲಿಗೆ ಮುಗಿಯಿತು ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದ ಗಡಿ ಎಲ್ಲಿತ್ತು, ತಾವೀಗ ಕೂತಿರೋದು ಅದರಿಂದ ಎಷ್ಟು ಆಚೆ ಅಂತಲೂ ಗೊತ್ತಾಗುತ್ತೆ.

ಕೊನೆಯ ಶನಿವಾರದ ಒಂದು ವಿಷಯ ಹೇಳಿ ಮುಗಿಸ್ತೀನಿ. ಸೂತ್ರದ ಸಾಧನೆಯನ್ನ ಮತ್ತೊಮ್ಮೆ ಓದ್ತಿದ್ವಿ. ಅಪ್ಪ ಎದ್ದು ಬಂದು ತ್ರಿಭುಜದ ಚಿತ್ರ ನೋಡಿದರು. ‘ಇದು ನಮ್ಮ ಮೂಲಿ ಮಟ್ಟ ಅದ ಅಲ್ರೀ’ ಅಂದರು. ಗೋಡೆ ಎಬ್ಬಿಸೋ ಮುಂಚೆ ಪಾಯದ ಮೂಲೆ ನೋಡೋ ವಿಧಾನ. ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ. ಅಡ್ಡ ಟೇಪು ಹಿಡಿದರೆ 5 ಬರಬೇಕು. ಬಂದರೆ ಮೂಲೆ ಸರಿ, ಇಲ್ಲದಿದ್ದರೆ ದಾರ ಸರಿಸು. ‘ಹನ್ನೆರಡು ವರ್ಷ ಇದೇ ಮಾಡೀನ್ರಿ. ಇದಕ್ಕ ಹೆಸರು ಅದ ಅಂತ ಗೊತ್ತಿರಲಿಲ್ಲ.’

ಹುಡುಗಿ ಅಪ್ಪನ ಮುಖ ನೋಡಿದಳು. ಶಾಲೆಯಿಂದ ಮನೆಗೆ 4 ಪೂರ್ವ, 3 ಉತ್ತರ, ಅಡ್ಡ 5 ಅಂತ ತಾನೇ ಬರೆದಿದ್ದ ಹಾಳೆಯನ್ನ ಹುಡುಕಿ ತೆಗೆದು ಅವರಿಗೆ ತೋರಿಸಿದಳು. ಅವರು ಅಡ್ಡಗೆರೆಯ ಮೇಲೆ ಬೆರಳಿಟ್ಟು, ‘ಇಲ್ಲಿ ರೋಡ್ ಎಲ್ಲಿ ಬರ್ತದ?’ ಅಂತ ಕೇಳಿದರು. ಅವಳು ಕೆಂಪು ಪೆನ್ನು ತಗೊಂಡು ಎರಡು ಬಿಂದುಗಳ ನಡುವೆ, ಮೇಲಿಂದ ಕೆಳಗೆ ದಪ್ಪಗೆ ಗೀಚಿದಳು. ಬಳ್ಳಾರಿ ರಸ್ತೆ.

‘ಅಕ್ಕಾ, ಈ ಗೆರೆ ಇದ್ರೆ ದೂರ ಕಂಡುಹಿಡಿಯೋಕೆ ಸೂತ್ರ ಇದ್ಯಾ?’

ಇದೆ, ಆದರೆ ಅದು ಒಂದು ಸಾಲಿನ ಸೂತ್ರ ಅಲ್ಲ, ಒಂದು ವಿಧಾನ, ಕಾಲೇಜಿನಲ್ಲಿ ಬರುತ್ತೆ ಅಂದೆ. ಡೈಕ್‌ಸ್ಟ್ರಾ ಅನ್ನೋರು 1959ರಲ್ಲಿ ಪ್ರಕಟಿಸಿದ್ದು, ಈಗ ಎಲ್ಲರ ಫೋನಿನ ಮ್ಯಾಪಿನ ಹಿಂದೆ ಅಂಥ ವಿಧಾನಗಳೇ ಕೆಲಸ ಮಾಡ್ತಿರೋದು. ಎಲ್ಲಿಂದ ಎಲ್ಲಿಗೆ ದಾಟಬಹುದು ಅಂತ ಮೊದಲು ಅದಕ್ಕೆ ಹೇಳಬೇಕು, ಆಮೇಲೆ ಅದು ದಾರಿ ಹುಡುಕುತ್ತೆ. ‘ದಾಟೋಕೆ ಜಾಗ ಇಲ್ಲ ಅಂದ್ರೆ?’ ಅಂದಳು. ಆಗ ಅದೂ ಸುತ್ತೇ ಹೋಗುತ್ತೆ, ನಿನ್ನ ಹಾಗೆ.

ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೂ, ಪಿಜಿಯ ಅಡುಗೆಮನೆಯಲ್ಲೂ ಹತ್ತನೇ ಕ್ಲಾಸ್ ಓದೋ ಮಗು ಇರಬಹುದು. ಒಂದು ಶನಿವಾರ ಕೂತು ಈ ಅಧ್ಯಾಯ ತೆರೆಯಿರಿ. ಪರೀಕ್ಷೆಯಲ್ಲಿ 39 ಅಂತಲೇ ಬರೆಯೋಕೆ ಹೇಳಿಕೊಡಿ, ಅದರಲ್ಲಿ ರಾಜಿ ಬೇಡ. ಆಮೇಲೆ 51 ಯಾವುದರ ಉತ್ತರ ಅಂತ ನೀವೇ ಕೇಳಿ. ನಿಮ್ಮ ಕೆಲಸ ದೂರ ಲೆಕ್ಕ ಹಾಕೋ ಕೋಡ್ ಬರೆಯೋದಾಗಿದ್ದರೆ, ಸೋಮವಾರ ಆಫೀಸಿಗೆ ಹೋಗಿ ಆ 1.4 ಎಲ್ಲಿದೆ ಅಂತ ಒಂದು ಸಲ ಹುಡುಕಿ ನೋಡಿ.